ಕಮೋಡ್ ಬುಡದ ಸೋರಿಕೆಗೆ ವೈಟ್ ಸಿಮೆಂಟ್ ಮದ್ದಲ್ಲ

ನಿಮ್ಮ ಮನೆಯ ಕಮೋಡ್‌ನ ಬುಡವನ್ನು ನೀವು ಕೊನೆಯ ಸಲ ಬಗ್ಗಿ ನೋಡಿದ್ದು ಯಾವಾಗ? ಉಮ್ಮ ಹೇಳುವ ತನಕ ನಾನಂತೂ ನೋಡಿರಲಿಲ್ಲ. ಮೊಣಕಾಲು ನೋವಿನಿಂದ ಕುಕ್ಕರಗಾಲಲ್ಲಿ ಕೂರಲು ಅವರಿಗೆ ಆಗುವುದಿಲ್ಲವೆಂದು ಅವರ ಕೋಣೆಗೆ ತಾಗಿದ ಟಾಯ್ಲೆಟ್‌ಗೆ ಕಮೋಡ್ ಹಾಕಿಸಿದ್ದೆವು. ಒಂದು ದಿನ ಸುಬ್‌ಹಿಗೆ ಎದ್ದವರು, "ಕಮೋಡಿನ ಹತ್ತಿರ ನೆಲ ಯಾವಾಗಲೂ ಒದ್ದೆ ಇರುತ್ತದೆ ಮಗಳೇ. ಈ ಕಾಲಲ್ಲಿ ಮುಸಲ್ಲಾದ ಮೇಲೆ ನಿಲ್ಲಲು ಮನಸ್ಸು ಬರುವುದಿಲ್ಲ" ಎಂದರು.

ಮೇಸ್ತ್ರಿಯನ್ನು ಕರೆಸಿದೆವು. ಅವರು ಬುಡದ ಸುತ್ತ ವೈಟ್ ಸಿಮೆಂಟ್ ಮೆತ್ತಿ ಹೋದರು. ಮೂರು ತಿಂಗಳಲ್ಲಿ ಅದು ಬಿರುಕು ಬಿಟ್ಟಿತು. ಮತ್ತೆ ಕರೆಸಿದೆವು, ಮತ್ತೆ ಮೆತ್ತಿದರು. ಈ ಸಲ ನೀರು ನಮ್ಮ ನೆಲದ ಮೇಲೆ ಕಾಣಲಿಲ್ಲ. ಕೆಳಗಿನ ಮನೆಯವರ ಬಾತ್‌ರೂಮ್ ಚಾವಣಿಯಲ್ಲಿ ಕಾಣಿಸಿತು.

ಆ ದಿನ ಅವರ ಮುಂದೆ ತಲೆ ತಗ್ಗಿಸಿ ನಿಂತಾಗ ನನಗೆ ಒಂದು ವಿಷಯ ಮನದಟ್ಟಾಯಿತು. ಮನೆ ಕಟ್ಟುವಾಗ ಟೈಲ್ಸ್‌ನ ಬಣ್ಣ, ನಲ್ಲಿಯ ಹೊಳಪು, ಕಮೋಡ್‌ನ ಕಂಪನಿ ಎಲ್ಲವನ್ನೂ ನಾವೇ ಅಂಗಡಿಗೆ ಹೋಗಿ ಆರಿಸುತ್ತೇವೆ. ಆದರೆ ಮನೆಯ ಅತ್ಯಂತ ಹೊಲಸು ನೀರನ್ನು ತಡೆದು ನಿಲ್ಲಿಸುವ ಸೀಲ್ ಯಾವುದು ಎಂದು ಮಾತ್ರ ಕೇಳುವುದಿಲ್ಲ. ಅದು ಮೇಸ್ತ್ರಿಯ ಕೈಯಲ್ಲಿ ಆ ಹೊತ್ತಿಗೆ ಏನಿದೆಯೋ ಅದು. ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು, ಅದು ಯಾವ ನೀರು?

ಕಮೋಡ್‌ನ ಹತ್ತಿರ ಒದ್ದೆ ಇದೆ ಎಂದ ಮಾತ್ರಕ್ಕೆ ಬುಡವೇ ಸೋರುತ್ತಿದೆ ಎಂದಲ್ಲ. ಗೋಡೆಯ ಆ್ಯಂಗಲ್ ಕಾಕ್‌ನಿಂದ, ಅಲ್ಲಿಂದ ಟ್ಯಾಂಕಿಗೆ ಹೋಗುವ ಕನೆಕ್ಷನ್ ಪೈಪಿನ ವಾಷರ್‌ನಿಂದ, ಹೆಲ್ತ್ ಫಾಸೆಟ್‌ನಿಂದ, ಟ್ಯಾಂಕು ಮತ್ತು ಕಮೋಡ್ ಸೇರುವಲ್ಲಿನ ರಬ್ಬರ್‌ನಿಂದ ಕೂಡ ನೀರು ಜಿನುಗಿ ಕೆಳಗಿಳಿಯುತ್ತದೆ. ಆ್ಯಂಗಲ್ ಕಾಕ್, ಕನೆಕ್ಷನ್ ಪೈಪ್, ಫಾಸೆಟ್‌ನಿಂದ ಬರುವುದು ನಲ್ಲಿಯ ಶುದ್ಧ ನೀರು. ಬುಡದಿಂದ ಬರುವುದು ಮಲಮೂತ್ರ ಬೆರೆತ ನೀರು. ಮೊದಲಿನದು ನಷ್ಟ ಮಾತ್ರ, ಎರಡನೆಯದು ನಜಸ್. ಹಾಗಾಗಿ ಇವೆರಡನ್ನು ಬೇರೆ ಮಾಡಿ ತಿಳಿಯುವುದು ರಿಪೇರಿಗೂ ಮುಖ್ಯ, ನಮಾಝಿಗೂ ಮುಖ್ಯ.

ಪರೀಕ್ಷೆ ಸುಲಭ. ಬುಡದ ಸುತ್ತ ನೆಲವನ್ನು ಚೆನ್ನಾಗಿ ಒರೆಸಿ ಒಣಗಿಸಿ. ಸುತ್ತ ಹಳೆಯ ಪೇಪರ್ ಹಾಸಿ. ಒಂದೆರಡು ಗಂಟೆ ಯಾರೂ ಬಳಸದಿರಿ. ಫ್ಲಶ್ ಮಾಡದೆಯೇ ಪೇಪರ್ ಒದ್ದೆಯಾದರೆ ಮೇಲಿನ ಪೈಪು, ವಾಷರ್‌ಗಳನ್ನು ನೋಡಿ. ಒಣಗಿಯೇ ಇದ್ದರೆ, ಬಿರಿಯಾನಿಗೆ ಹಾಕುವ ಬಣ್ಣವನ್ನು ಸ್ವಲ್ಪ ನೀರಲ್ಲಿ ಕರಗಿಸಿ ಕಮೋಡ್‌ನ ಗುಂಡಿಗೆ ಸುರಿದು ಫ್ಲಶ್ ಮಾಡಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಪೇಪರ್‌ನ ಮೇಲೆ ಬಣ್ಣ ಕಂಡರೆ ಬುಡದ ಜೋಡಣೆ ಬಿಟ್ಟಿದೆ ಎಂದರ್ಥ.

ನಮ್ಮ ಮನೆಗಳಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಒದ್ದೆ ಕಂಡಲ್ಲೆಲ್ಲ ನಜಸ್ ಎಂದು ಹೆದರಿ ಹತ್ತು ಸಲ ಕಾಲು ತೊಳೆಯುವವರಿದ್ದಾರೆ. ಸಂಶಯದಿಂದ ಸುಮ್ಮನೆ ಮನಸ್ಸು ಕೆಡಿಸಿಕೊಳ್ಳುವುದಕ್ಕಿಂತ ಒಂದು ಚಿಟಿಕೆ ಬಣ್ಣ ಹಾಕಿ ವಿಷಯ ತಿಳಿದುಕೊಳ್ಳುವುದು ಉತ್ತಮವಲ್ಲವೇ?

ಬುಡದಲ್ಲಿ ಏನಿದೆ?

ಕಮೋಡ್‌ನ ಕೆಳಗೆ ಅಥವಾ ಹಿಂದೆ ಒಂದು ಬಾಯಿ ಇದೆ. ಅದು ನೆಲದೊಳಗಿನ ಪೈಪಿಗೆ ಸೇರಿದರೆ ಎಸ್-ಟ್ರ್ಯಾಪ್, ಗೋಡೆಯ ಕಡೆಗೆ ಹೋದರೆ ಪಿ-ಟ್ರ್ಯಾಪ್ ಎನ್ನುತ್ತಾರೆ. ಪೈಪು ಸಾಮಾನ್ಯವಾಗಿ 4 ಇಂಚಿನದು, ಅಂದರೆ 110 ಮಿ.ಮೀ. ಪಿವಿಸಿ. ಪಿಂಗಾಣಿಯ ಈ ಬಾಯಿ ಮತ್ತು ಪ್ಲಾಸ್ಟಿಕ್ ಪೈಪಿನ ನಡುವೆ ಉಳಿಯುವ ಸಂದಿಯನ್ನು ಮುಚ್ಚುವುದೇ ಸೀಲ್.

ಕಮೋಡ್‌ನ ಒಳಗೆ ಯಾವಾಗಲೂ ನಿಂತಿರುವ ನೀರು ಚರಂಡಿಯ ಗ್ಯಾಸ್ ಮೇಲೆ ಬಾರದಂತೆ ತಡೆಯುತ್ತದೆ. ಆದರೆ ಬುಡದ ಸೀಲ್ ಹಾಳಾದರೆ ಗ್ಯಾಸ್ ಆ ನೀರನ್ನು ದಾಟಬೇಕಾಗಿಯೇ ಇಲ್ಲ, ಪಕ್ಕದಿಂದಲೇ ಬರುತ್ತದೆ. ಎಷ್ಟು ತೊಳೆದರೂ ಟಾಯ್ಲೆಟ್ ವಾಸನೆ ಹೋಗುತ್ತಿಲ್ಲ ಎಂದರೆ ಫಿನಾಯಿಲ್ ಬದಲಿಸುವ ಮೊದಲು ಬುಡವನ್ನು ನೋಡಿ. ಆ ತೇವದಲ್ಲಿ ಜಿರಳೆ, ನೊಣಗಳು ಸೇರುತ್ತವೆ. ಅವು ಅಲ್ಲಿಂದ ಅಡುಗೆಮನೆಗೂ ಹೋಗುತ್ತವೆ. ಟೈಫಾಯಿಡ್, ವಾಂತಿಭೇದಿ, ಹೆಪಟೈಟಿಸ್ ಎ ಮತ್ತು ಇ ಎಂಬ ಕಾಮಾಲೆಗಳು ಮಲದ ಸೂಕ್ಷ್ಮ ಅಂಶ ಬಾಯಿಗೆ ಸೇರುವುದರಿಂದಲೇ ಹರಡುವ ರೋಗಗಳು. ನೆಲದಲ್ಲಿ ಅಂಬೆಗಾಲಿಡುವ ಮಗು ಮನೆಯಲ್ಲಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಾದವರಿಗೆ ಜಾರಿ ಬೀಳುವ ಅಪಾಯ ಬೇರೆ.

ವೈಟ್ ಸಿಮೆಂಟ್ ಏಕೆ ಬೇಡ?

ವೈಟ್ ಸಿಮೆಂಟ್ ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ನೋಡಲು ಕಮೋಡ್‌ನ ಬಣ್ಣಕ್ಕೆ ಹೊಂದುತ್ತದೆ. ಹಳೆಯ ಮನೆಗಳಲ್ಲಿ ಅದು ವರ್ಷಗಟ್ಟಲೆ ನಿಂತದ್ದೂ ಇದೆ. ನೆಲದೊಳಗೆ ಹೂತು ಕೂರಿಸಿದ ಇಂಡಿಯನ್ ಪ್ಯಾನ್ ಅಲುಗುವುದಿಲ್ಲ, ಆದ್ದರಿಂದ ಅಲ್ಲಿ ಸಿಮೆಂಟ್ ನಡೆಯುತ್ತದೆ.

ಕಮೋಡ್ ಹಾಗಲ್ಲ. ಅದರ ಮೇಲೆ ದಿನಕ್ಕೆ ಎಷ್ಟೋ ಸಲ ಜನ ಕೂರುತ್ತಾರೆ, ಏಳುತ್ತಾರೆ. ಪ್ರತಿ ಸಲವೂ ಅದು ಕೂದಲೆಳೆಯಷ್ಟಾದರೂ ಅಲುಗುತ್ತದೆ. ಸಿಮೆಂಟ್ ಬಾಗುವುದಿಲ್ಲ, ಅಲುಗಾಟವಾದರೆ ಬಿರುಕು ಬಿಡುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸಿಮೆಂಟನ್ನು ತಿನ್ನುತ್ತದೆ. ಮುಂದೊಂದು ದಿನ ಕಮೋಡ್ ಎತ್ತಬೇಕಾದರೆ ಸಿಮೆಂಟನ್ನು ಉಳಿಯಿಂದ ಒಡೆಯಬೇಕು. ಹಾಗೆ ಒಡೆಯುವಾಗ ಎಷ್ಟೋ ಸಲ ಪಿಂಗಾಣಿಯೂ ಒಡೆಯುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸಿಮೆಂಟ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಕಮೋಡ್ ಕಳೆದುಕೊಳ್ಳುವುದು ಎಂಥ ಲೆಕ್ಕ?

ಎಂ-ಸೀಲ್‌ನಂಥ ಎಪಾಕ್ಸಿ ಪೇಸ್ಟ್‌ಗೂ ಇದೇ ಮಾತು. ಪೈಪಿನ ಸಣ್ಣ ಬಿರುಕಿಗೆ ಅದು ಒಳ್ಳೆಯದೇ. ಆದರೆ ಒಣಗಿದ ಮೇಲೆ ಅದೂ ಕಲ್ಲಿನಂತೆ ಗಟ್ಟಿ. ಅಲುಗುವ ಜಾಗಕ್ಕೆ ಬಾಗುವ ಸೀಲ್ ಬೇಕು.

ಹಾಗಾದರೆ ಯಾವುದು?

ಬಾಗುವ ಸೀಲ್‌ಗಳಲ್ಲಿ ಮುಖ್ಯವಾದವು ಎರಡು. ಒಂದು ವ್ಯಾಕ್ಸ್ ರಿಂಗ್, ಅಂದರೆ ಮೇಣದ ಬಳೆ. ಇನ್ನೊಂದು ರಬ್ಬರ್ ಕಾಲರ್ ಅಥವಾ ಪ್ಯಾನ್ ಕನೆಕ್ಟರ್.

ಮೊಬೈಲ್‌ನಲ್ಲಿ ಅಮೆರಿಕದವರ ವೀಡಿಯೊ ನೋಡಿದ ಮಕ್ಕಳು ವ್ಯಾಕ್ಸ್ ರಿಂಗನ್ನೇ ತರಿಸೋಣ ಎನ್ನುತ್ತಾರೆ. ಅಲ್ಲಿ ನೆಲದ ಪೈಪಿನ ಬಾಯಿಗೆ ಫ್ಲೇಂಜ್ ಎಂಬ ಅಗಲವಾದ ಬಿಲ್ಲೆ ಕೂರಿಸಿ, ಅದಕ್ಕೇ ಕಮೋಡನ್ನು ಬೋಲ್ಟ್ ಮಾಡುತ್ತಾರೆ. ನಡುವೆ ಮೇಣ ಒತ್ತಿ ಕೂರುತ್ತದೆ. ನಮ್ಮ ಬಹುತೇಕ ಮನೆಗಳಲ್ಲಿ ಆ ಬಿಲ್ಲೆ ಇಲ್ಲ, ಕಮೋಡನ್ನು ನೇರವಾಗಿ ನೆಲಕ್ಕೆ ಸ್ಕ್ರೂ ಮಾಡಿರುತ್ತಾರೆ. ಎಸ್-ಟ್ರ್ಯಾಪ್ ಇದ್ದು, ಪೈಪಿನ ಬಾಯಿ ಟೈಲ್ಸ್ ಮಟ್ಟಕ್ಕಿದ್ದು, ನೆಲ ಸಮವಾಗಿದ್ದು, ಕಮೋಡ್ ಸ್ವಲ್ಪವೂ ಅಲುಗದಂತೆ ಕೂತರೆ ನಮ್ಮಲ್ಲೂ ಮೇಣ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಮೇಣ ಒಮ್ಮೆ ಒತ್ತಿ ಹೋದರೆ ಮತ್ತೆ ಉಬ್ಬುವುದಿಲ್ಲ. ಕೂರಿಸುವಾಗ ಕಮೋಡನ್ನು ಒಂದು ಸಲ ಎತ್ತಿ ಸರಿ ಮಾಡಿದರೂ ಹೊಸ ರಿಂಗ್ ಹಾಕಬೇಕು.

ಆದ್ದರಿಂದ ನಮ್ಮ ಮನೆಗಳಿಗೆ ರಬ್ಬರ್ ಕನೆಕ್ಟರನ್ನೇ ನಾನು ಆರಿಸುತ್ತೇನೆ. ಪಿ-ಟ್ರ್ಯಾಪ್‌ಗಂತೂ ಅದೇ ಸರಿ. ಅಲುಗಾಟವನ್ನು ರಬ್ಬರ್ ತಾಳಿಕೊಳ್ಳುತ್ತದೆ. ಕೂರಿಸುವಾಗ ತಪ್ಪಿದರೆ ತೆಗೆದು ಮತ್ತೆ ಹಾಕಬಹುದು. ಕಮೋಡ್‌ನ ಬಾಯಿ ಮತ್ತು ಪೈಪು ಒಂದೇ ನೇರಕ್ಕೆ ಇಲ್ಲದಿದ್ದರೆ ಅದಕ್ಕೆಂದೇ ಆಫ್‌ಸೆಟ್ ಕನೆಕ್ಟರ್ ಸಿಗುತ್ತದೆ. ಬೆಲೆ ಕೆಲವು ನೂರು ರೂಪಾಯಿ.

ಅಂಗಡಿಗೆ ಹೋಗುವ ಮುಂಚೆ ಎರಡು ಅಳತೆ ತೆಗೆದುಕೊಳ್ಳಿ: ಕಮೋಡ್‌ನ ಬಾಯಿಯ ಹೊರಸುತ್ತಿನ ಅಗಲ, ಪೈಪಿನ ಒಳಸುತ್ತಿನ ಅಗಲ. "ನಾಲ್ಕಿಂಚಿನದು ಕೊಡಿ" ಎಂದರೆ ಸಾಲದು. ರಬ್ಬರ್‌ನ ಅಂಚು ಬಿಗಿಯಾಗಿ, ಮಡಚಿಕೊಳ್ಳದೆ ಕೂತರೆ ಮಾತ್ರ ಅದು ಸೀಲ್. ಜಾರಲು ಸಾಬೂನು ನೀರು ಹಚ್ಚಿ. ಎಣ್ಣೆ, ವ್ಯಾಸಲಿನ್, ಗ್ರೀಸ್ ಹಚ್ಚಬೇಡಿ, ಅವು ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತವೆ.

ಕೆಲಸ ಮಾಡಿಸುವಾಗ

ಪ್ಲಂಬರ್ ಬಂದಾಗ ನೀವು ಹತ್ತಿರ ನಿಲ್ಲಿ. ಆ್ಯಂಗಲ್ ಕಾಕ್ ಮುಚ್ಚಿ, ಟ್ಯಾಂಕು ಮತ್ತು ಗುಂಡಿಯ ನೀರು ಖಾಲಿ ಮಾಡಿದ ಮೇಲೆಯೇ ಕಮೋಡ್ ಎತ್ತಬೇಕು. ಎತ್ತಲು ಇಬ್ಬರಿರಲಿ, ಕೈಗೆ ಗ್ಲೌಸ್ ಇರಲಿ. ತೆರೆದ ಪೈಪಿನ ಬಾಯಿಗೆ ಹಳೆಯ ಬಟ್ಟೆ ತುರುಕಿದರೆ ಗ್ಯಾಸೂ ಬರುವುದಿಲ್ಲ, ಸ್ಕ್ರೂ ಒಳಗೆ ಬೀಳುವುದೂ ಇಲ್ಲ. ಕೂರಿಸುವ ಮುನ್ನ ಆ ಬಟ್ಟೆ ತೆಗೆಯಲು ಮರೆಯಬೇಡಿ. ಹಳೆಯ ಸಿಮೆಂಟ್ ಪೂರ್ತಿ ಕೆರೆದು, ಒರೆಸಿ, ಒಣಗಿಸಿದ ಮೇಲೆ ಹೊಸ ಸೀಲ್. ಕಮೋಡೇ ಬಿರುಕು ಬಿಟ್ಟಿದ್ದರೆ ಯಾವ ಸೀಲ್ ಹಾಕಿಯೂ ಪ್ರಯೋಜನವಿಲ್ಲ.

ಕೊನೆಗೆ ಬುಡದ ಸುತ್ತ ಸಿಲಿಕಾನ್ ಎಳೆಯುತ್ತಾರೆ. ಬೂಷ್ಟು ಹಿಡಿಯದ ಸ್ಯಾನಿಟರಿ ಸಿಲಿಕಾನ್ ಕೇಳಿ ತರಿಸಿ, ಒಂದು ದಿನ ಒಣಗಲು ಬಿಡಿ. ಒಂದು ಮಾತು ಮಾತ್ರ ಪಟ್ಟು ಹಿಡಿದು ಹೇಳಿ: ಹಿಂಬದಿಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಡಲಿ. ಸಿಲಿಕಾನ್ ಇರುವುದು ಹೊರಗಿನ ನೀರು ಒಳಗೆ ಹೋಗದಿರಲು, ಒಳಗಿನ ಸೋರಿಕೆಯನ್ನು ಮುಚ್ಚಿಡಲು ಅಲ್ಲ. ಸೀಲ್ ಮುಂದೊಮ್ಮೆ ಕೆಟ್ಟರೆ ಆ ಸಂದಿಯಿಂದ ನೀರು ಹೊರಬಂದು ನಿಮಗೆ ತಿಳಿಸುತ್ತದೆ. ಸುತ್ತಲೂ ಮುಚ್ಚಿದರೆ ನೀರು ಕೆಳಗಿಳಿಯುತ್ತದೆ. ನಮ್ಮ ಮನೆಯಲ್ಲಿ ಎರಡನೆಯ ಸಲ ಆದದ್ದು ಅದೇ.

ಕೆಲಸ ಮುಗಿದ ಮೇಲೆ ನೆಲವನ್ನು ಸಾಬೂನಿನಿಂದ ತೊಳೆದು, ಬ್ಲೀಚಿಂಗ್ ಹಾಕಿ ಶುದ್ಧ ಮಾಡಿ. ಆದರೆ ಬ್ಲೀಚಿಂಗ್ ಮತ್ತು ಆ್ಯಸಿಡನ್ನು ಎಂದೂ ಒಟ್ಟಿಗೆ ಬಳಸಬೇಡಿ. ಅವು ಸೇರಿದರೆ ಕ್ಲೋರಿನ್ ಎಂಬ ವಿಷದ ಗ್ಯಾಸ್ ಹೊರಡುತ್ತದೆ.

ಕಾಣದ ಸೋರಿಕೆ

ಬಣ್ಣದ ಡಬ್ಬಿ ಕೈಯಲ್ಲಿರುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ಕೆಲವು ಹನಿ ಬಣ್ಣವನ್ನು ಫ್ಲಶ್ ಟ್ಯಾಂಕಿಗೆ ಹಾಕಿ ಇಪ್ಪತ್ತು ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಗುಂಡಿಯಲ್ಲಿ ಬಣ್ಣ ಕಂಡರೆ ಟ್ಯಾಂಕಿನೊಳಗಿನ ವಾಷರ್ ಸವೆದಿದೆ. ನಿಮಿಷಕ್ಕೆ ಬರೀ 100 ಮಿ.ಲೀ. ಸೋರಿದರೂ ದಿನಕ್ಕೆ 144 ಲೀಟರ್ ಆಗುತ್ತದೆ. ಪ್ರವಾದಿಯವರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಒಂದು ಮುದ್ದ್ ಎಂದರೆ ಸುಮಾರು ಮುಕ್ಕಾಲು ಲೀಟರ್. ಅಂದರೆ ಹತ್ತಿರ ಹತ್ತಿರ ಇನ್ನೂರು ವುಝೂವಿನ ನೀರು ಯಾರಿಗೂ ಕಾಣದಂತೆ ಪ್ರತಿದಿನ ಚರಂಡಿಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜನ ಟ್ಯಾಂಕರ್‌ಗಾಗಿ ಕಾದದ್ದನ್ನು ಮರೆಯದಿರೋಣ. ವುಝೂ ಮಾಡುವಾಗ ನಲ್ಲಿ ನಿಲ್ಲಿಸು ಎಂದು ಮಕ್ಕಳಿಗೆ ಹೇಳುವ ನಾವು ಆ ವಾಷರನ್ನೂ ಬದಲಿಸಬೇಡವೇ?

ನೆರೆಯವರ ಹಕ್ಕು

ಬಾಡಿಗೆ ಮನೆಯಲ್ಲಿರುವವರು "ಇದು ನಮ್ಮ ಮನೆಯಲ್ಲ" ಎಂದು ಸುಮ್ಮನಿರಬೇಡಿ, ಮಾಲೀಕರಿಗೆ ಕೂಡಲೇ ತಿಳಿಸಿ. ಮಾಲೀಕರು "ಮುಂದಿನ ತಿಂಗಳು ನೋಡೋಣ" ಎನ್ನಬೇಡಿ. ಫ್ಲ್ಯಾಟ್‌ನಲ್ಲಿ ನಮ್ಮ ನೆಲ ಇನ್ನೊಬ್ಬರ ಚಾವಣಿ. ನಮ್ಮ ನಜಸ್ ಇನ್ನೊಬ್ಬರ ತಲೆಯ ಮೇಲೆ ತೊಟ್ಟಿಕ್ಕುತ್ತಿದೆ ಎಂದು ತಿಳಿದ ಮೇಲೂ ತಡ ಮಾಡಿದರೆ ನೆರೆಯವರ ಹಕ್ಕಿನ ಬಗ್ಗೆ ನಾವು ಕೇಳಿದ ಪ್ರವಚನಗಳಿಗೆಲ್ಲ ಏನರ್ಥ?

ನಮ್ಮ ಮನೆಯ ಕಮೋಡನ್ನು ಕೊನೆಗೆ ಎತ್ತಿಸಿ ರಬ್ಬರ್ ಕನೆಕ್ಟರ್ ಹಾಕಿಸಿದೆವು. ಕೆಳಗಿನವರ ಚಾವಣಿಗೆ ಸುಣ್ಣವನ್ನೂ ನಾವೇ ಹೊಡೆಸಿದೆವು. ಉಮ್ಮ ಈಗಲೂ ಸುಬ್‌ಹಿಗೆ ಮುಂಚೆ ಒಮ್ಮೆ ಬುಡದ ಕಡೆ ಕಣ್ಣು ಹಾಯಿಸುತ್ತಾರೆ. ನೆಲ ಒಣಗಿರುವುದನ್ನು ನೋಡಿ "ಅಲ್‌ಹಮ್ದುಲಿಲ್ಲಾಹ್" ಎಂದು ಒಳಗೆ ಬರುತ್ತಾರೆ. ಇವತ್ತು ನೀವೂ ಒಮ್ಮೆ ಬಗ್ಗಿ ನೋಡಿ.