ಬಿಟ್ಟುಹೋದ ವಚನಗಳು

ಮಹಿಳಾ ಭಾನುವಾರ ಎಂದರೆ ನಮ್ಮ ಕನ್ನಡ ಸಭೆಗಳಲ್ಲಿ ಏನೇನು ನಡೆಯುತ್ತದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಸ್ತ್ರೀ ಸಮಾಜದವರು ಒಂದೇ ಬಣ್ಣದ ಸೀರೆಯುಟ್ಟು ಎರಡು ಸಾಲಾಗಿ ದೇವಾಲಯದೊಳಗೆ ಬರುತ್ತಾರೆ. ವಾರಗಟ್ಟಲೆ ಅಭ್ಯಾಸ ಮಾಡಿದ ವಿಶೇಷ ಗೀತೆ ಹಾಡುತ್ತಾರೆ. ಜ್ಞಾನೋಕ್ತಿಗಳ 31ನೇ ಅಧ್ಯಾಯದಿಂದ ಗುಣವತಿಯಾದ ಹೆಂಡತಿಯ ಭಾಗ ಓದುತ್ತಾರೆ. ಪ್ರಸಂಗಕ್ಕೆ ನಿಂತವರು, ಬಹುಮಟ್ಟಿಗೆ ಗಂಡಸರೇ, ತಾಯಿಯ ತ್ಯಾಗವನ್ನೂ ಹೆಂಡತಿಯ ತಾಳ್ಮೆಯನ್ನೂ ಕೊಂಡಾಡುತ್ತಾರೆ. ಕೊನೆಗೆ ಎಪ್ಪತ್ತು ದಾಟಿದ ಅಜ್ಜಿಯರಿಗೆ ಶಾಲು, ಉಳಿದವರಿಗೆ ಒಂದೊಂದು ಗುಲಾಬಿ. ಮುಂದಿನ ಭಾನುವಾರ ಎಲ್ಲವೂ ಮೊದಲಿನಂತೆಯೇ.

ಗೇಲಿ ಮಾಡಲು ಈ ಮಾತು ಹೇಳುತ್ತಿಲ್ಲ. ಆ ಶಾಲನ್ನು ಮಡಿಸಿ ಬೀರುವಿನಲ್ಲಿ ಜೋಪಾನವಾಗಿಟ್ಟುಕೊಂಡ ಅಜ್ಜಿಯರನ್ನು ನಾನು ಬಲ್ಲೆ. ಅದನ್ನು ಹೊದಿಸಿದವರ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಯಿಂದ ಮಾಡಿದ್ದೆಲ್ಲ ಗೌರವವಾಗುತ್ತದೆಯೇ? ಸ್ತ್ರೀಯರನ್ನು ಗೌರವಿಸುವ ಆರಾಧನೆಯನ್ನು ಸಿದ್ಧಪಡಿಸಲು ಕುಳಿತ ಸಮಿತಿ ಹಾಡು ಆರಿಸುವ ಮೊದಲು, ಹೂವಿನವನಿಗೆ ಹೇಳಿಕಳಿಸುವ ಮೊದಲು, ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ನನ್ನ ಉತ್ತರ ಸರಳ: ನಾವು ಓದದೆ ಬಿಟ್ಟುಬಂದ ವಚನಗಳನ್ನು ಓದಿದಾಗ, ಅವನ್ನು ಓದುವ ಮತ್ತು ವಿವರಿಸುವ ಕೆಲಸವನ್ನು ಸ್ತ್ರೀಯರ ಕೈಗೆ ಕೊಟ್ಟಾಗ ಗೌರವ ಶುರುವಾಗುತ್ತದೆ.

ಆ ಗುಣವತಿಯ ಪದ್ಯವನ್ನೇ ನೋಡೋಣ. ಹತ್ತನೆಯ ವಚನದಿಂದ ಅಧ್ಯಾಯದ ಕೊನೆಯವರೆಗೆ 22 ವಚನಗಳು, ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ಒಂದೊಂದರಂತೆ. ನಾವು 'ಅ'ಕಾರದಿಂದ 'ಳ'ಕಾರದವರೆಗೆ ಎನ್ನುವ ಹಾಗೆ, ಏನನ್ನೂ ಬಿಡದೆ ಹೇಳಬೇಕೆಂದೇ ಕಟ್ಟಿದ ಪದ್ಯ. ಕಥೋಲಿಕ ಸಭೆಯ ಮೂರು ವರ್ಷಗಳ ಪಾಠಾವಳಿಯಲ್ಲಿ ಇದು ಒಂದು ಭಾನುವಾರ ಬರುತ್ತದೆ. ಆದರೆ ಬರುವುದು 22ರಲ್ಲಿ 8 ವಚನ ಮಾತ್ರ. ಗಂಡನಿಗೆ ಒಳಿತು ಮಾಡುವುದು ಉಳಿದಿದೆ. ಉಣ್ಣೆ ನಾರುಗಳು ಉಳಿದಿವೆ, ಕದಿರು ಉಳಿದಿದೆ, ಬಡವರಿಗೆ ಕೈನೀಡುವುದು ಉಳಿದಿದೆ. ಅವಳು ಹೊಲ ನೋಡಿ ಕೊಂಡು, ಸ್ವಂತ ಸಂಪಾದನೆಯಲ್ಲಿ ದ್ರಾಕ್ಷಿತೋಟ ಮಾಡಿಸುವ 16ನೇ ವಚನ ಇಲ್ಲ. ವ್ಯಾಪಾರದ ಲಾಭ ಇಲ್ಲ. ಬಟ್ಟೆ ತಯಾರಿಸಿ ವರ್ತಕರಿಗೆ ಮಾರುವ ಮಾತೂ ಇಲ್ಲ. ಬಾಯಿ ತೆರೆದರೆ ವಿವೇಕವನ್ನೇ ಆಡುತ್ತಾಳೆ ಎಂಬುದೂ ಇಲ್ಲ. ಕತ್ತರಿಸಿದವರು ಹೊತ್ತು ಉಳಿಸಲೆಂದೇ ಕತ್ತರಿಸಿರಬಹುದು. ಆದರೆ ಕತ್ತರಿ ಬಿದ್ದ ಜಾಗ ನೋಡಿ: ಮನೆ ಉಳಿಯಿತು, ಪೇಟೆ ಹೋಯಿತು, ಕೈ ಉಳಿಯಿತು, ಬಾಯಿ ಹೋಯಿತು.

ಇದೊಂದೇ ಆಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ವಾರದ ದಿನಗಳ ಪಾಠಗಳಲ್ಲಿ ವಿಮೋಚನಕಾಂಡದ ಮೊದಲ ಅಧ್ಯಾಯ 14ನೇ ವಚನದಿಂದ ನೇರ 22ಕ್ಕೆ ಹಾರುತ್ತದೆ. ನಡುವೆ ಬಿಟ್ಟುಹೋದವರು ಶಿಪ್ರಾ ಮತ್ತು ಪೂವಾ, ಗಂಡುಮಕ್ಕಳನ್ನು ಕೊಲ್ಲಿರೆಂಬ ಫರೋಹನ ಅಪ್ಪಣೆಯನ್ನು ಮೀರಿದ ಸೂಲಗಿತ್ತಿಯರು. ಅರಸುಗಳ ಎರಡನೆಯ ಗ್ರಂಥದಲ್ಲಿ ದೇವಾಲಯದೊಳಗೆ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ, ಅರಸನಾದ ಯೋಷೀಯನು ದಿಗಿಲುಬಿದ್ದು ದೇವರ ಚಿತ್ತವೇನೆಂದು ಕೇಳಿಬರಲು ಕಳಿಸುತ್ತಾನೆ. ಹೋದವರು ಯಾರನ್ನು ಕೇಳಿದರು? ಹುಲ್ದಾ ಎಂಬ ಪ್ರವಾದಿನಿಯನ್ನು. ಪಾಠ ಮಾತ್ರ ಪ್ರಶ್ನೆಯಲ್ಲಿ ನಿಂತು ಮುಂದಿನ ಅಧ್ಯಾಯಕ್ಕೆ ದಾಟುತ್ತದೆ. ಉತ್ತರ ಕೊಟ್ಟವಳು ಮಾಯ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಮೂರನೆಯ ವಚನದಿಂದ ಓದುತ್ತಾರೆ. ಮೊದಲೆರಡು ವಚನಗಳಲ್ಲಿರುವವಳು ಫೊಯಿಬೆ, ಕೆಂಖ್ರೆಯ ಸಭೆಯ ಸೇವಕಿ. ಆ ಪತ್ರವನ್ನು ರೋಮಿಗೆ ಮುಟ್ಟಿಸಿದವಳೇ ಅವಳೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಪತ್ರ ಎರಡು ಸಾವಿರ ವರ್ಷ ಉಳಿಯಿತು, ತಂದವಳಿಗೆ ಅದರೊಳಗೇ ಜಾಗವಿಲ್ಲದಂತಾಯಿತು.

ಪ್ರಾಟೆಸ್ಟೆಂಟರಾದ ನಾವು ಇದನ್ನು ಕೇಳಿ ನಗುವ ಹಾಗಿಲ್ಲ. ಮಹಿಳಾ ಭಾನುವಾರದ ಪಾಠಗಳನ್ನು ಆರಿಸುವ ಸ್ವಾತಂತ್ರ್ಯ ನಮಗಿದೆ, ಆದರೂ ವರ್ಷ ವರ್ಷವೂ ಅದೇ ನಾಲ್ಕೈದು ಭಾಗಗಳಿಗೆ ಜೋತುಬೀಳುತ್ತೇವೆ. ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ, ಯಾಜಕನ, ಕುಲಾಧಿಪತಿಗಳ, ಇಡೀ ಸಮೂಹದ ಎದುರು ನಿಂತು ತಂದೆಯ ಭೂಮಿಯಲ್ಲಿ ತಮಗೆ ಪಾಲು ಬೇಕೆಂದು ಕೇಳುತ್ತಾರೆ. ಅವರ ಮಾತು ನ್ಯಾಯವಾದದ್ದೆಂದು ದೇವರೇ ಮೋಶೆಗೆ ಹೇಳುತ್ತಾನೆ. ಐವರ ಹೆಸರೂ ಅಲ್ಲಿದೆ. ಆದರೂ ಈ ಭಾಗದ ಮೇಲೆ ಒಂದೇ ಒಂದು ಪ್ರಸಂಗವನ್ನು ನಾನು ಕೇಳಿಲ್ಲ. ಪಕ್ಕದ ಕೇರಳದಲ್ಲಿ, ಹಿಂದಿನ ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ 1986ರಲ್ಲಿ ಸಮಪಾಲು ಗೆದ್ದರು. ಸತ್ಯವೇದದಲ್ಲೇ ಇದ್ದ ತೀರ್ಪಿಗಾಗಿ ಒಬ್ಬ ಕ್ರೈಸ್ತ ಹೆಣ್ಣುಮಗಳು ಕೋರ್ಟಿಗೆ ಅಲೆಯಬೇಕಾಯಿತು.

ಬಿಟ್ಟುಬಿಡುವುದು ದ್ವೇಷದಿಂದಲೇ ಆಗಬೇಕಿಲ್ಲ, ಹೂವಿನಿಂದಲೂ ಆಗುತ್ತದೆ. ನಮ್ಮ ಚರ್ಚುಗಳಲ್ಲೂ ಮೇ ತಿಂಗಳ ಎರಡನೆಯ ಭಾನುವಾರ ಆಚರಿಸುವ ತಾಯಂದಿರ ದಿನದ ಮೂಲ ಅಮೆರಿಕದ ವೆಸ್ಟ್ ವರ್ಜೀನಿಯಾದ ಒಂದು ಮೆಥಡಿಸ್ಟ್ ಚರ್ಚಿನಲ್ಲಿದೆ. 1908ರ ಮೇ 10ರಂದು ಗ್ರಾಫ್ಟನ್ ಎಂಬ ಊರಿನಲ್ಲಿ ಆ ಆರಾಧನೆ ನಡೆಯಿತು. ಅದಕ್ಕೆ ಕಾರಣಳಾದ ಆ್ಯನಾ ಜಾರ್ವಿಸ್ ತನ್ನ ತಾಯಿಯ ನೆನಪಿಗೆ 500 ಬಿಳಿ ಕಾರ್ನೇಷನ್ ಹೂಗಳನ್ನು ಕಳಿಸಿದ್ದಳು. ಆ ತಾಯಿ, ಆ್ಯನ್ ರೀವ್ಸ್ ಜಾರ್ವಿಸ್, ಹೆತ್ತ ಮಕ್ಕಳಲ್ಲಿ ಹೆಚ್ಚಿನವರನ್ನು ಎಳವೆಯಲ್ಲೇ ಕಳೆದುಕೊಂಡವಳು. ಅಳುತ್ತ ಕೂರದೆ ಊರೂರಿನ ತಾಯಂದಿರನ್ನು ಸೇರಿಸಿ, ಕುಡಿಯುವ ನೀರು, ಹಾಲು, ಚರಂಡಿ, ಔಷಧಿಗಳ ಕಡೆ ಗಮನ ಕೊಡುವ ಸಂಘಗಳನ್ನು ಕಟ್ಟಿದಳು. ಅಂತರ್ಯುದ್ಧದಲ್ಲಿ ಎರಡೂ ಪಕ್ಷದ ಸೈನಿಕರಿಗೆ ಶುಶ್ರೂಷೆ ಮಾಡಿಸಿದಳು. 1914ರಲ್ಲಿ ತಾಯಂದಿರ ದಿನ ಅಮೆರಿಕದ ಅಧಿಕೃತ ಆಚರಣೆಯಾಯಿತು. ಮುಂದೆ ಹೂವಿನ ಅಂಗಡಿ, ಕಾರ್ಡು, ಮಿಠಾಯಿಯವರ ಕೈಗೆ ಸಿಕ್ಕಿದ ಆ ದಿನದ ವಿರುದ್ಧ ಸ್ವತಃ ಆ್ಯನಾ 1948ರಲ್ಲಿ ಸಾಯುವತನಕ ಜಗಳವಾಡಿದಳು. ಹೂವು ಜಗತ್ತನ್ನು ಸುತ್ತಿತು, ಚರಂಡಿ ಶುಚಿ ಮಾಡಿಸಿದ ಸಂಘಗಳ ನೆನಪು ಅಲ್ಲೇ ಉಳಿಯಿತು.

ಹೊಗಳಿಕೆಯನ್ನು ಬಸವಣ್ಣ ಹೊನ್ನಶೂಲಕ್ಕೆ ಹೋಲಿಸಿದ. ಏರಿಸಿ ಕೂರಿಸುವುದು ಚಿನ್ನದ ಮೇಲೇ ಆದರೂ ಕೂತವರು ಅಲ್ಲಾಡುವಂತಿಲ್ಲ. 'ತಾಳ್ಮೆಯ ಮೂರ್ತಿ' ಎಂದು ಕರೆಸಿಕೊಂಡವಳು ಮರುದಿನ ತಾಳ್ಮೆಗೆಡುವ ಹಕ್ಕನ್ನೇ ಕಳೆದುಕೊಂಡಿರುತ್ತಾಳೆ. ಇದೇ ನೆಲದಲ್ಲಿ ಬೇರೆ ಬಗೆಯ ಗೌರವಕ್ಕೂ ಮಾದರಿಯಿದೆ. ಆಯ್ದಕ್ಕಿ ಲಕ್ಕಮ್ಮನನ್ನು ನಾವು ನೆನೆಯುವುದು ಯಾರೋ ಅವಳನ್ನು ಹೊಗಳಿದ್ದಕ್ಕಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಅವಳು ತಿದ್ದಿದ ಮಾತು ಅವಳದೇ ವಚನವಾಗಿ ನಮ್ಮ ಕೈಗೆ ಬಂದಿದೆ. ಕ್ರೈಸ್ತರ ಕನ್ನಡದಲ್ಲೂ ಶರಣರ ಕನ್ನಡದಲ್ಲೂ 'ವಚನ' ಎಂಬುದು ಒಂದೇ ಪದ. ಎರಡೂ ಕಡೆ ಕೇಳಬೇಕಾದ ಪ್ರಶ್ನೆಯೂ ಒಂದೇ: ಯಾರ ವಚನ ಉಳಿಯಿತು?

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು: ಆರಾಧನೆ ದೇವರಿಗೆ ಸಲ್ಲಬೇಕಾದದ್ದು, ಅದರಲ್ಲಿ ಮನುಷ್ಯರನ್ನು ಗೌರವಿಸುವುದೇ ತಪ್ಪು. ನಾನು ಇದನ್ನು ಒಪ್ಪುತ್ತೇನೆ. ಒಪ್ಪಿದರೆ ಮೊದಲು ಹೋಗಬೇಕಾದದ್ದು ಶಾಲು ಮತ್ತು ಗುಲಾಬಿ. ದೇವರ ವಾಕ್ಯವನ್ನು ಪೂರ್ತಿಯಾಗಿ ಓದುವುದಂತೂ ಆರಾಧನೆಯೇ. ಅಬ್ರಹಾಮ, ಇಸಾಕ, ಯಾಕೋಬರ ದೇವರೇ ಎಂದು ಪ್ರಾರ್ಥಿಸುವಾಗ ಮನುಷ್ಯರನ್ನು ಎಳೆತಂದೆವೆಂದು ಯಾರಿಗೂ ಅನ್ನಿಸುವುದಿಲ್ಲ. ಆದಿಕಾಂಡದಲ್ಲಿ ದೇವರಿಗೆ ಮೊದಲು ಒಂದು ಹೆಸರಿಟ್ಟು ಕರೆದವಳು ಹಾಗರಳು, ಯಜಮಾನಿಯ ಕಾಟ ತಾಳಲಾರದೆ ಅಡವಿಗೆ ಓಡಿಹೋಗಿದ್ದ ಗರ್ಭಿಣಿ ದಾಸಿ. ಅವಳಿಟ್ಟ ಹೆಸರು, ನನ್ನನ್ನು ನೋಡುವ ದೇವರು. ಆ ಹೆಸರಿನಿಂದ ಪ್ರಾರ್ಥನೆ ಆರಂಭಿಸಿದರೆ ಮಹಿಮೆ ಯಾರಿಗೆ ಕಡಿಮೆಯಾಯಿತು?

ಎರಡನೆಯದು: ಸಭೆಯಲ್ಲಿ ಸ್ತ್ರೀಯರು ಸುಮ್ಮನಿರಬೇಕೆಂದು ಪೌಲನೇ ಬರೆದಿದ್ದಾನಲ್ಲ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಆ ಮಾತಿದೆ. ಅದೇ ಪತ್ರದ 11ನೇ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕು ಹಾಕಿಕೊಳ್ಳಬೇಕೆಂಬ ಮಾತೂ ಇದೆ. ಬಾಯಿ ತೆರೆಯದವರು ಪ್ರವಾದಿಸುವುದು ಹೇಗೆ? ಮುಸುಕಿನ ವಚನವನ್ನು ಅಕ್ಷರಶಃ ಪಾಲಿಸಿ, ಪ್ರವಾದನೆಯ ವಚನವನ್ನು ಮರೆತರೆ ಅದೂ ಕತ್ತರಿಯ ಕೆಲಸವೇ.

ಮೂರನೆಯದು ಸ್ತ್ರೀಯರಿಂದಲೇ ಬರುತ್ತದೆ: 'ನಮಗೆ ಪ್ರಸಂಗ ಎಲ್ಲಾ ಬೇಡಪ್ಪ, ಅಯ್ಯನವರೇ ಮಾಡಲಿ.' ಇದು ನಿಜವಾದ ಸಂಕೋಚ, ಅದಕ್ಕೊಂದು ಚರಿತ್ರೆಯಿದೆ. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್ ಸಿಕ್ಕಿದ್ದು 2013ರಲ್ಲಿ, ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು. ಅದಕ್ಕೆ 66 ವರ್ಷ ಬೇಕಾಯಿತು. ಇಂದಿಗೂ ಬಹಳ ಕಡೆ ಸ್ತ್ರೀ ಸಮಾಜದ ಅಧ್ಯಕ್ಷಸ್ಥಾನ ಸಭಾಪಾಲಕರ ಹೆಂಡತಿಗೆ ತಾನಾಗಿ ಬರುತ್ತದೆ. ಅಂದರೆ ಸ್ತ್ರೀಯರ ಸಂಘದ ಮುಖ್ಯಸ್ಥೆ ಯಾರೆಂಬುದನ್ನು ಅವಳ ಗಂಡನ ವರ್ಗಾವಣೆ ತೀರ್ಮಾನಿಸುತ್ತದೆ. ಇಂಥ ಕಡೆ ಹಿಂದಿನ ದಿನ ಫೋನು ಮಾಡಿ 'ನಾಳೆ ನೀವೇ ಮಾತಾಡಿ ಅಮ್ಮ' ಎಂದರೆ ಯಾರಿಗೂ ಧೈರ್ಯ ಬರುವುದಿಲ್ಲ. ತಯಾರಿಗೆ ಮೂರು ತಿಂಗಳು ಕೊಡಬೇಕು, ಪುಸ್ತಕ ಕೊಡಬೇಕು, ಜೊತೆಗೆ ಕುಳಿತು ಓದಬೇಕು. ಕಥೋಲಿಕರಲ್ಲಿ ಸ್ತ್ರೀಯರಿಗೆ ಯಾಜಕ ದೀಕ್ಷೆಯಿಲ್ಲ, ಆದರೆ 2021ರಲ್ಲಿ ಪೋಪ್ ಫ್ರಾನ್ಸಿಸ್ ವಾಚಕರ ಮತ್ತು ಪೀಠಸೇವಕರ ಅಧಿಕೃತ ಸೇವೆಗಳನ್ನು ಸ್ತ್ರೀಯರಿಗೂ ತೆರೆದರು. ದೀಕ್ಷೆಯ ವಾದ ಮುಗಿಯಲೆಂದು ಕಾಯುತ್ತ ಕೂರುವ ಅಗತ್ಯ ಯಾವ ಸಭೆಗೂ ಇಲ್ಲ.

ಸ್ತ್ರೀಯರೇ ಬರೆದ ಆರಾಧನೆ ಹೇಗಿರುತ್ತದೆಂದು ತಿಳಿಯಲು ದೂರ ಹುಡುಕಬೇಕಿಲ್ಲ. ಮಾರ್ಚ್ ತಿಂಗಳ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನ 1927ರಿಂದ ಜಗತ್ತಿನಾದ್ಯಂತ ನಡೆದುಬಂದಿದೆ. ಒಂದೊಂದು ವರ್ಷ ಒಂದೊಂದು ದೇಶದ ಕ್ರೈಸ್ತ ಸ್ತ್ರೀಯರು ಆರಾಧನಾ ಕ್ರಮವನ್ನು ಬರೆದುಕೊಡುತ್ತಾರೆ; 2024ರಲ್ಲಿ ಬರೆದವರು ಪ್ಯಾಲೆಸ್ಟೀನಿನವರು. ಅಲ್ಲಿ ಹೊಗಳಿಕೆಗಿಂತ ಸಾಕ್ಷಿಯೇ ಹೆಚ್ಚು. ತಮ್ಮ ಮನೆ, ನೆಲ, ಭಯ, ಭರವಸೆಗಳನ್ನು ಅವರೇ ಹೇಳುತ್ತಾರೆ, ನಾವು ಅವರ ಜೊತೆ ಪ್ರಾರ್ಥಿಸುತ್ತೇವೆ.

ಹಾಗಾದರೆ ನಮ್ಮ ಸಮಿತಿ ಏನು ಮಾಡಬಹುದು? ಪಾಠಗಳಲ್ಲಿ ಒಂದಾದರೂ ಜನ ಎಂದೂ ಕೇಳದ ಭಾಗವಿರಲಿ. ಸೂಲಗಿತ್ತಿಯರ ಕತೆಯನ್ನು ಸಭೆಯಲ್ಲಿರುವ ನರ್ಸೊಬ್ಬರು ಓದಲಿ, ಚಲ್ಪಹಾದನ ಹೆಣ್ಣುಮಕ್ಕಳ ಕತೆಯನ್ನು ವಕೀಲೆಯೊಬ್ಬರು ವಿವರಿಸಲಿ. 'ತಾಯಂದಿರೆಲ್ಲ ಎದ್ದು ನಿಲ್ಲಿ' ಎನ್ನುವುದನ್ನು ಕೈಬಿಡಿ. ಆಗ ಕುಳಿತೇ ಇರಬೇಕಾದವರ ಪಕ್ಕದಲ್ಲಿ ನೀವು ಒಮ್ಮೆ ಕುಳಿತಿದ್ದರೆ ಕಾರಣ ಹೇಳಬೇಕಾಗಿಲ್ಲ. ತಾಯಂದಿರ ದಿನವನ್ನು ಕೊಟ್ಟ ಆ್ಯನಾ ಜಾರ್ವಿಸಳಿಗೂ ಮಕ್ಕಳಿರಲಿಲ್ಲ. ಪಾಪನಿವೇದನೆಯಲ್ಲಿ ಸಭೆಯ ತಪ್ಪಿಗೂ ಜಾಗವಿರಲಿ. ಗಂಡ ಹೊಡೆದನೆಂದು ಅಳುತ್ತ ಬಂದವಳಿಗೆ 'ಸಹಿಸಿಕೊಳ್ಳಮ್ಮ, ಪ್ರಾರ್ಥನೆ ಮಾಡು' ಎಂದು ವಾಪಸು ಕಳಿಸಿದ್ದನ್ನು ದೇವರ ಮುಂದೆ ಹೆಸರಿಟ್ಟು ಹೇಳಬೇಕು. ಕೃತಜ್ಞತಾ ಪ್ರಾರ್ಥನೆಗೆ ಸಭೆಯ ಹಳೆಯ ರಿಜಿಸ್ಟರುಗಳನ್ನು ತೆರೆಯಿರಿ. ಮನೆಮನೆಗೆ ನಡೆದು ಹೆಂಗಸರಿಗೆ ಅಕ್ಷರ ಕಲಿಸಿದ 'ಬೈಬಲ್ ಸ್ತ್ರೀ'ಯರ ಹೆಸರುಗಳನ್ನು ಅಲ್ಲಿ ಹುಡುಕಿ, ಏಕೆಂದರೆ ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ಅವು ಸಿಗುವುದು ಅಪರೂಪ. ಆ ದಿನ ಊಟಕ್ಕೆ ಗಂಡಸರು ಭಟ್ಟರಿಗೆ ಹೇಳಿ ಬಿರಿಯಾನಿ ಮಾಡಿಸಿದರೆ ಸಾಲದು, ಪಾತ್ರೆಗಳನ್ನೂ ಅವರೇ ತೊಳೆಯಲಿ.

ಇಷ್ಟಾದ ಮೇಲೂ ಪರೀಕ್ಷೆಯಿರುವುದು ಮುಂದಿನ ಭಾನುವಾರ. ಅಂದು ವೇದಪಾಠಕ್ಕೆ ಎದ್ದು ಬರುವವರು ಯಾರು, ಪ್ರಸಂಗಗಳ ಪಟ್ಟಿಯಲ್ಲಿ ಯಾರ ಹೆಸರಿದೆ, ಸಭಾ ಸಮಿತಿಯಲ್ಲಿ ಕಾಣಿಕೆಯ ಲೆಕ್ಕ ಕೇಳುವವರು ಯಾರು? ಐದು ರೊಟ್ಟಿ ಎರಡು ಮೀನಿನ ಕತೆಯಲ್ಲಿ ಉಂಡ ಗಂಡಸರು ಸುಮಾರು ಐದು ಸಾವಿರ, ಹೆಂಗಸರೂ ಮಕ್ಕಳೂ ಆ ಲೆಕ್ಕದಲ್ಲಿಲ್ಲ ಎಂದು ಮತ್ತಾಯ ಬರೆದಿಟ್ಟ. ಎಣಿಸಲಿಲ್ಲ ಎಂಬುದನ್ನಾದರೂ ಅವನು ಪ್ರಾಮಾಣಿಕವಾಗಿ ಬರೆದ. ವರ್ಷಕ್ಕೊಮ್ಮೆ ಎಣಿಸಿ ಉಳಿದ 51 ಭಾನುವಾರ ಬಿಟ್ಟುಬಿಡುವ ನಾವು ಅಷ್ಟನ್ನೂ ಬರೆಯುವುದಿಲ್ಲ.

ಈ ಸಲದ ಮಹಿಳಾ ಭಾನುವಾರಕ್ಕೆ ಸಿದ್ಧತೆ ನಡೆಸಿರುವವರಲ್ಲಿ ಒಂದೇ ವಿನಂತಿ. ಬೇರೇನೂ ಆಗದಿದ್ದರೆ ಆ ಹಳೆಯ ಪಾಠವನ್ನೇ ಇಟ್ಟುಕೊಳ್ಳಿ, ಆದರೆ 22 ವಚನಗಳನ್ನೂ ಓದಿಸಿ, ಸಭೆಯ ಒಬ್ಬ ಹೆಣ್ಣುಮಗಳಿಂದ ವಿವರಣೆ ಕೊಡಿಸಿ. ಹೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ಗಡಿಯಾರ ನೋಡಿ. ಪೂರ್ತಿ ಓದಲು ಮೂರು ನಿಮಿಷ ಸಾಕು.