ವಿಂಡಮ್ ವೇಲ್‌ನಿಂದ – 17: ‘ದಂಡಂ ದಶಗುಣಂ’ ಅನ್ನೋರಿಗೆ

ನೈಟ್ ಡ್ಯೂಟಿ ಮುಗಿಸಿ ಬಂದು ಕಾಫಿ ಹಿಡ್ಕೊಂಡು ಕೂತಿದ್ದೀನಿ. ಇವತ್ತು ಸ್ವಲ್ಪ ಜಗಳ ಆಡ್ತೀನಿ, ಬೇಜಾರು ಮಾಡ್ಕೋಬೇಡಿ.

ಹೋದ ವಾರ ಮಗಳು ಗಿನಿಪಿಗ್‌ಗೆ ಪಾಠ ಹೇಳಿಕೊಡೋ ವಿಡಿಯೋ ಹಾಕಿದ್ದೆ. ಅದಕ್ಕೆ ಅರಸೀಕೆರೆಯಿಂದ ಕಾಮೆಂಟು: "ಇಲಿಗೆ ಕೊತ್ತಂಬರಿ ಲಂಚ ಕೊಟ್ಟು ಕುಣಿಸ್ತಿದ್ದೀರಾ? ನಾವು ಎರಡೇಟು ಹಾಕಿ ನಾಯಿ ಪಳಗಿಸಿದ್ವಿ. ದಂಡಂ ದಶಗುಣಂ." ಬರೆದೋರು ನನ್ನ ಸೋದರಮಾವ. ಅದಕ್ಕೆ ನಲವತ್ತು ಲೈಕು ಬೇರೆ! ಮಾವ, ನಿಮ್ಮ ಮೇಲೆ ಗೌರವ ಇದೆ. ಆದರೆ ಈ ಮಾತು ಮಾತ್ರ ಒಪ್ಪಲ್ಲ.

ನಮ್ಮನೆ ರಾಜು ನೆನಪಿದೆಯಾ? ಅಮ್ಮ ಕಸ ಗುಡಿಸೋಕೆ ಪೊರಕೆ ತಗೊಂಡ್ರೂ ಬಾಲ ಮುದುರಿಕೊಂಡು ಮೂಲೆ ಸೇರ್ತಿತ್ತು. "ಎಷ್ಟು ವಿಧೇಯ ನಾಯಿ" ಅಂತ ಊರೆಲ್ಲ ಹೊಗಳ್ತಿದ್ರು. ಅದು ವಿಧೇಯತೆ ಅಲ್ಲ ಮಾವ, ಭಯ.

ಇದು ನನಗೆ ಅರ್ಥವಾಗಿದ್ದು ತಡವಾಗಿ. ಎರಡು ವರ್ಷದ ಹಿಂದೆ ಡಬಲ್ ಶಿಫ್ಟ್ ಮುಗಿಸಿ ಬಂದ ದಿನ, ಹಾಲು ಚೆಲ್ಲಿದಳು ಅಂತ ಮಗಳಿಗೆ ಹೊಡೆದೆ. ಮೊದಲ ಸಲ ಏನಲ್ಲ ಅದು. ಮಾರನೇ ದಿನ ಶೆಲ್ಫಿನಿಂದ ಸಾರಿನ ಪುಡಿ ಡಬ್ಬಿ ತೆಗೆಯೋಕೆ ಕೈ ಎತ್ತಿದೆ, ಪಕ್ಕದಲ್ಲಿದ್ದ ಮಗು ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಿತು. ಥೇಟ್ ರಾಜು ಥರ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಮನೆಗೆ ಬಂದಿದ್ದೇ ಕಡ್ಲೆ, ಬೆಲ್ಲ ಅನ್ನೋ ಎರಡು ಗಿನಿಪಿಗ್. ಹ್ಯಾಮ್‌ಸ್ಟರ್ ಸಾಕೋದು ಆಸ್ಟ್ರೇಲಿಯಾದಲ್ಲಿ ನಿಷೇಧ, ಹಾಗಾಗಿ ಇಲ್ಲಿ ತುಂಬಾ ಮನೆಗಳಲ್ಲಿ ಇವೇ. ಮೊದಲ ದಿನವೇ ಮಗಳು ಕಡ್ಲೆಯನ್ನ ಗಬಕ್ಕಂತ ಹಿಡಿದು ಎದೆಗೊತ್ತಿಕೊಂಡಳು. ಅದು ಅಲ್ಲಾಡದೆ ಕೂತಿತು. "ನೋಡಮ್ಮ, ಎಷ್ಟು ಸಾಧು!" ಅಂದಳು. ಸಾಧು ಅಲ್ಲ. ದೊಡ್ಡ ಪ್ರಾಣಿಗಳಿಗೆ ಆಹಾರವಾಗೋ ಜೀವ ಅದು, ಹೆದರಿದಾಗ ಕಲ್ಲಿನ ಹಾಗೆ ನಿಂತುಬಿಡುತ್ತೆ. ಗಪ್‌ಚುಪ್ ಕೂತ ಮಗುವನ್ನ ನಾವು "ಒಳ್ಳೆ ಮಗು" ಅನ್ನಲ್ವಾ, ಹಾಗೇ ಇದೂ.

ಈಗ ನಮ್ಮನೆ ಪಾಠ ಹೀಗೆ: ನೆಲದ ಮೇಲೆ ಕೂತು ಕೈ ಚಾಚಿ ಸುಮ್ಮನಿರಬೇಕು. ಅದಾಗೇ ಹತ್ತಿರ ಬಂದರೆ ಬಾಲ್‌ಪೆನ್ನಿನಿಂದ ಒಂದು ‘ಟಿಕ್’, ತಕ್ಷಣ ಒಂದೆಲೆ ಕೊತ್ತಂಬರಿ ಅಥವಾ ಕ್ಯಾಪ್ಸಿಕಂ ಚೂರು. (ನಮ್ಮ ಹಾಗೇ ಅವಕ್ಕೂ ವಿಟಮಿನ್ ಸಿ ಆಹಾರದಿಂದಲೇ ಸಿಗಬೇಕು.) ಆಮೇಲೆ ಮರದ ಸೌಟಿನ ತುದಿಗೆ ಮೂಗು ತಾಗಿಸಿದರೆ ಟಿಕ್. ಬೇಡ ಅಂತ ತಿರುಗಿ ಹೋದರೆ ಅವತ್ತಿನ ಪಾಠ ಮುಗೀತು, ಅಟ್ಟಿಸಿಕೊಂಡು ಹೋಗಂಗಿಲ್ಲ. ಹತ್ತಿರ ಬರೋಕೇ ಹನ್ನೊಂದು ದಿನ ಹಿಡೀತು. ಇಲ್ಲಿ ಕಲಿತಿದ್ದು ಇಲಿ ಅಂದುಕೊಂಡ್ರಾ? ಎಂಟು ವರ್ಷದ ಹುಡುಗಿ ಬೇರೆ ಜೀವದ ‘ಬೇಡ’ವನ್ನ ಓದೋದು ಕಲಿತಳು.

ಇನ್ನು ಲಂಚದ ಮಾತು. ಲಂಚ ಕೊಡೋದು ತಪ್ಪು ಕೆಲಸ ಮಾಡಿಸೋಕೆ. ಮಾಡಿದ ಕೆಲಸಕ್ಕೆ ಕೊಡೋದು ಸಂಬಳ. ನೀವು ಕೆಇಬಿಯಲ್ಲಿ ಮೂವತ್ತು ವರ್ಷ ದುಡಿದಿದ್ದು ಏಟಿಗಾ, ಸಂಬಳಕ್ಕಾ?

‘ಇಲಿಗೇನು ಬರುತ್ತೆ’ ಅನ್ನೋರಿಗೆ ಮಗಾವಾ ಕಥೆ ಹೇಳ್ತೀನಿ. ಆಫ್ರಿಕಾದ ದೊಡ್ಡ ಇಲಿ ಅದು. ಹೀಗೇ ಟಿಕ್ ಶಬ್ದ, ತಿಂಡಿ ಕೊಟ್ಟು ಕಲಿಸಿದ್ರು. ಕಾಂಬೋಡಿಯಾದಲ್ಲಿ 70ಕ್ಕೂ ಹೆಚ್ಚು ನೆಲಬಾಂಬ್ ವಾಸನೆಯಿಂದಲೇ ಪತ್ತೆ ಮಾಡ್ತು. 2020ರಲ್ಲಿ ಬ್ರಿಟನ್ನಿನ ಚಿನ್ನದ ಪದಕ ಬಂತು. ಅದೇ ಜಾತಿಯ ಇಲಿಗಳು ಕಫದ ಮಾದರಿಯಲ್ಲಿ ಟಿಬಿಯನ್ನೂ ಹುಡುಕ್ತವೆ. ಹೊಡೆದು ಕಲಿಸಿದ್ದರೆ ಆಗ್ತಿತ್ತಾ?

ನಮ್ಮ ದೇಶದ ಶಿಕ್ಷಣ ಹಕ್ಕು ಕಾಯ್ದೆಯೂ 2009ರಲ್ಲೇ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು ಅಂದಿದೆ. ಕಾನೂನು ಬಂದರೂ ಮನೆಯ ಬೆತ್ತ ಹಾಗೇ ಇದೆ.

ಹಾಗಂತ ನಾಳೆಯೇ ಮಕ್ಕಳಿಗೆ ಪ್ರಾಣಿ ತಂದುಕೊಡಿ ಅಂತಲ್ಲ. ಗಿನಿಪಿಗ್ ಐದಾರು ವರ್ಷ ಬದುಕುತ್ತೆ, ಒಂಟಿಯಾಗಿ ಇಡಬಾರದು, ಗೂಡು ತೊಳೆಯೋದು ಕೊನೆಗೆ ಅಮ್ಮನೇ. ಆಗಲ್ಲ ಅಂದ್ರೆ ಬೀದಿ ಬೆಕ್ಕಿಗೆ ಕಲ್ಲೆಸೆಯೋ ಮಗುವಿನ ಕೈ ಹಿಡಿದರೂ ಸಾಕು.

ಮಾವ, ಮಾರ್ಚಿಗೆ ಅತ್ತೆ ಜೊತೆ ಇಲ್ಲಿಗೆ ಬರ್ತೀರಲ್ಲ. ಮೊಮ್ಮಗಳ ಪಕ್ಕ ಕೂತು, ಕೈಯಲ್ಲಿ ಕೊತ್ತಂಬರಿ ಹಿಡಿದು ಐದು ನಿಮಿಷ ಸುಮ್ಮನಿರಿ. ಬೆಲ್ಲ ಬಂದರೆ ಫೋಟೋ ನಾನೇ ಹಾಕ್ತೀನಿ. ಬರದೇ ಇದ್ದರೆ ಮಾರನೇ ದಿನ ಮತ್ತೆ ಕೂತ್ಕೊಳ್ಳಿ.