ಹೆಸರು ಕಾಯುವ ಕೆಲಸ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ಕಟ್ಟಡಗಳು, ಕಂಪೆನಿಯ ಬಸ್ಸುಗಳು, ಸಂಜೆ ಗಾರ್ಮೆಂಟ್ಸ್ ಬಿಟ್ಟಾಗ ಟಿಫಿನ್ ಚೀಲ ಹಿಡಿದು ಹೊರಬರುವ ಹೆಣ್ಣುಮಕ್ಕಳು. ಅದೇ ರಸ್ತೆಗಳಲ್ಲಿ ಎಷ್ಟೊಂದು ಕಾಲೇಜುಗಳಿವೆ, ಖಾಸಗಿ ವಿಶ್ವವಿದ್ಯಾಲಯಗಳಿವೆ ಎಂಬುದು ಮಗಳ ಅಡ್ಮಿಷನ್‌ಗಾಗಿ ಅಲೆದವರಿಗೆ ಚೆನ್ನಾಗಿ ಗೊತ್ತು. ಪ್ರತಿಯೊಂದರಲ್ಲೂ ಯಾವುದೋ ಮೂಲೆಯಲ್ಲಿ ಒಂದು ಕೊಠಡಿ ಇರುತ್ತದೆ. ಕಿಟಕಿಗೆ ಕಬ್ಬಿಣದ ಸರಳು, ಒಳಗೆ ಬೀರುಗಳು, ಒಂದೆರಡು ಕಂಪ್ಯೂಟರ್. ವಿದ್ಯಾರ್ಥಿಗಳು ಅದನ್ನು ‘ಆಫೀಸ್’ ಎಂದಷ್ಟೇ ಕರೆಯುತ್ತಾರೆ. ಅಲ್ಲಿ ಕುಳಿತವರ ಕೆಲಸ ವಿದ್ಯಾರ್ಥಿಗಳ ದಾಖಲೆಗಳನ್ನು ಕಾಯುವುದು.

ನನ್ನ ನಾದಿನಿ ಅಂಥ ಒಂದು ಕೊಠಡಿಯಲ್ಲಿ ಕೆಲಸ ಮಾಡುತ್ತಾಳೆ. ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು ಅದು. ಓದಿದ್ದು ಬಿ.ಕಾಂ. ಮೊದಲು ಕಾಲ್ ಸೆಂಟರಿಗೆ ಹೋಗುತ್ತಿದ್ದಳು. ರಾತ್ರಿ ಪಾಳಿ ಬೇಡವೆಂದು ಬಿಟ್ಟು ಇಲ್ಲಿಗೆ ಬಂದಳು. ಮನೆಯವರೆಲ್ಲ “ಗುಮಾಸ್ತೆ ಕೆಲಸ ತಾನೇ” ಎಂದು ಸುಮ್ಮನಾದರು. ಆಕೆ ಊಟದ ಹೊತ್ತಿಗೆ ಹೇಳುವ ಸಂಗತಿಗಳನ್ನು ಕೇಳುತ್ತಾ ಕೇಳುತ್ತಾ ನನಗಂತೂ ಇದು ಬರೀ ಗುಮಾಸ್ತೆ ಕೆಲಸವೆಂದು ಅನ್ನಿಸುತ್ತಿಲ್ಲ.

ಒಬ್ಬ ಹುಡುಗಿ ಕಾಲೇಜಿಗೆ ಸೇರಿದಳೆಂದರೆ ಮೊದಲು ಆಕೆಯ ಹೆಸರು ಅಡ್ಮಿಷನ್ ರಿಜಿಸ್ಟರಿಗೆ ಏರುತ್ತದೆ. ನಂತರ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ. ಬೆಳಗಾವಿಯಲ್ಲಿ 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮಕ್ಕಳು ಇದನ್ನು ಯು.ಎಸ್.ಎನ್. ಎನ್ನುತ್ತಾರೆ. ಒಟ್ಟು ಹತ್ತು ಅಕ್ಷರ ಮತ್ತು ಅಂಕೆಗಳು. ಮೊದಲ ಅಂಕೆ ಪ್ರದೇಶದ್ದು, ಮುಂದಿನ ಎರಡು ಅಕ್ಷರ ಕಾಲೇಜಿನದು, ಆಮೇಲೆ ಸೇರಿದ ವರ್ಷ, ವಿಭಾಗ, ಕೊನೆಗೆ ಕ್ರಮಸಂಖ್ಯೆ. ನಾದಿನಿಗೆ ಅದನ್ನು ಓದಿದರೆ ಸಾಕು, ಮಗು ಎಲ್ಲಿ ಯಾವ ವರ್ಷ ಏನು ಓದಲು ಸೇರಿತೆಂದು ಮುಖ ನೋಡದೆಯೇ ಹೇಳುತ್ತಾಳೆ. ಅಲ್ಲಿಂದ ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಆಂತರಿಕ ಅಂಕಗಳು, ಹಾಜರಾತಿ, ಅಂಕಪಟ್ಟಿ, ತಾತ್ಕಾಲಿಕ ಪದವಿ ಪತ್ರ, ಘಟಿಕೋತ್ಸವದ ಪ್ರಮಾಣಪತ್ರ, ಟಿ.ಸಿ. ಇಷ್ಟೆಲ್ಲ ಕಾಗದಗಳಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ ಇರಬೇಕು. ಕಷ್ಟ ಇರುವುದೇ ಇಲ್ಲಿ.

ನಮ್ಮ ಹೆಣ್ಣುಮಕ್ಕಳ ಹೆಸರುಗಳು ಎಷ್ಟು ಕೈ ದಾಟುತ್ತವೆ ನೋಡಿ. ಹೆಸರು ಅರಬಿಯದ್ದೋ ಫಾರಸಿಯದ್ದೋ ಆಗಿರುತ್ತದೆ. ಮನೆಯಲ್ಲಿ ಉರ್ದುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಕರೆಯುತ್ತೇವೆ. ಅಂಗನವಾಡಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಶಾಲೆಯಲ್ಲಿ ಯಾರೋ ಮೇಷ್ಟ್ರು ತಮಗೆ ತಿಳಿದಂತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಫಾತಿಮಾ ಎಂಬ ಹೆಸರಿನ ‘ಟಿ’ ಅಕ್ಷರದ ಪಕ್ಕ ಒಂದು ಕಡೆ ‘ಎಚ್’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಬೀಬಿ ಫಾತಿಮಾ ಎಂಬುದು ಬಿ.ಬಿ. ಫಾತಿಮಾ ಆಗಿಬಿಡುತ್ತದೆ. ಹತ್ತು ವರ್ಷಗಳ ನಂತರ ಕಂಪೆನಿಯವರು ಆ ಎರಡು ‘ಬಿ’ಗಳ ವಿಸ್ತಾರವೇನೆಂದು ಕೇಳಿದರೆ ಹುಡುಗಿ ಏನು ಹೇಳಬೇಕು? ಉಮ್ಮೆ ಕುಲ್ಸುಮ್ ಎಂಬ ಒಂದೇ ಹೆಸರನ್ನು ಕಂಪ್ಯೂಟರ್ ಎರಡಾಗಿ ಸೀಳಿ, ಕುಲ್ಸುಮ್ ಎಂಬುದನ್ನು ಮನೆತನದ ಹೆಸರು ಮಾಡುತ್ತದೆ. ಬಾನು, ಖಾನಂ, ತಾಜ್, ಬೇಗಂ ಇವೆಲ್ಲ ಒಂದು ದಾಖಲೆಯಲ್ಲಿ ಇದ್ದು ಮತ್ತೊಂದರಲ್ಲಿ ಮಾಯವಾಗುತ್ತವೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿಕೊಂಡರೆ ಅಲ್ಲಿಗೆ ಗೊಂದಲ ಪೂರ್ತಿಯಾಯಿತು.

ಹಿಂದೆ ಇದು ಅಷ್ಟೊಂದು ತೊಂದರೆ ಕೊಡುತ್ತಿರಲಿಲ್ಲ. ಮನುಷ್ಯರು ನೋಡಿ ‘ಇದೇ ಹುಡುಗಿ’ ಎಂದು ಒಪ್ಪಿಕೊಳ್ಳುತ್ತಿದ್ದರು. ಈಗ ಯಂತ್ರ ಒಪ್ಪಬೇಕು. ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳೆಲ್ಲ 2021-22ರಿಂದ ಯು.ಯು.ಸಿ.ಎಂ.ಎಸ್. ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಗೆ ಬಂದವು. ಅದೇ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂತು. ಅದರ ಖಾತೆ ತೆರೆಯುವಾಗ ಕಾಲೇಜಿನ ಹೆಸರೂ ಆಧಾರಿನ ಹೆಸರೂ ತಾಳೆಯಾಗದಿದ್ದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲೂ ಇದೇ ಕಥೆ. “ಭಾಬಿ, ಒಂದು ಅಕ್ಷರಕ್ಕೆ ಒಂದು ವರ್ಷದ ಸ್ಕಾಲರ್‌ಶಿಪ್ ಹೋಗುತ್ತದೆ” ಎಂದು ನಾದಿನಿ ಹೇಳಿದಾಗ ಅತಿಶಯೋಕ್ತಿ ಎಂದುಕೊಂಡಿದ್ದೆ. ಅತಿಶಯೋಕ್ತಿಯಲ್ಲ.

ತಾಯಂದಿರು ತಿಳಿಯಬೇಕಾದ ಸಂಗತಿ ಎಂದರೆ ಕಾಲೇಜಿನವರು ಹೆಸರನ್ನು ತಾವಾಗಿ ತಿದ್ದುವಂತಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇದ್ದಂತೆಯೇ ಮುಂದಿನದೆಲ್ಲ ನಡೆಯುತ್ತದೆ. ಹಾಗಾಗಿ ತಿದ್ದುಪಡಿ ಶುರುವಾಗಬೇಕಾದ್ದು ಮಗಳು ಓದಿದ ಹೈಸ್ಕೂಲಿನಿಂದ. ಮುಖ್ಯೋಪಾಧ್ಯಾಯರ ಮೂಲಕ, ಶಾಲೆಯ ದಾಖಲಾತಿ ಪುಸ್ತಕದ ನಕಲಿನೊಂದಿಗೆ ಮಂಡಳಿಗೆ ಅರ್ಜಿ ಹೋಗಬೇಕು. ಹತ್ತನೆಯ ತರಗತಿಯ ಮಕ್ಕಳ ಹೆಸರಿನ ಪಟ್ಟಿಯನ್ನು ಪರೀಕ್ಷೆಗೆ ಮುಂಚೆ ಪರಿಶೀಲನೆಗೆ ಕೊಡುತ್ತಾರಲ್ಲ, ಆ ದಿನ ಮಗಳ ಕೈಯಲ್ಲಿ ಜನನ ಪ್ರಮಾಣಪತ್ರ ಮತ್ತು ಆಧಾರಿನ ನಕಲು ಇದ್ದರೆ ಮುಂದಿನ ಎಷ್ಟೋ ಅಲೆದಾಟ ತಪ್ಪುತ್ತದೆ. ಇನಿಷಿಯಲ್ ಮುಂದಿರಬೇಕೋ ಹಿಂದಿರಬೇಕೋ ಎಂಬುದನ್ನೂ ಅಂದೇ ನೋಡಬೇಕು. ಜನ್ಮದಿನಾಂಕವನ್ನೂ ನೋಡಬೇಕು. ನಮ್ಮ ಹಿಂದಿನ ತಲೆಮಾರಿನ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದ್ದಾರೆ! ಶಾಲೆಗೆ ಸೇರಿಸುವ ಅವಸರದಲ್ಲಿ ಬರೆಸಿದ ತಾರೀಕು ಅದು.

ವಯಸ್ಸು ಮೀರಿದ ಮೇಲೆ ಹೆಸರು ಬದಲಿಸಲೇಬೇಕಾದರೆ ದಾರಿ ಪೂರ್ತಿ ಮುಚ್ಚಿಲ್ಲ. ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಜೂನ್‌ನಲ್ಲಿ ಸಿ.ಬಿ.ಎಸ್.ಇ.ಗೆ ಸಂಬಂಧಿಸಿ ಕೊಟ್ಟ ತೀರ್ಪಿನಲ್ಲಿ, ಒಬ್ಬ ವ್ಯಕ್ತಿಯ ಹೆಸರು ಆಕೆಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಸೂಕ್ತ ದಾಖಲೆಗಳಿದ್ದರೆ ತಿದ್ದುಪಡಿಯನ್ನು ಸಾರಾಸಗಟಾಗಿ ನಿರಾಕರಿಸುವಂತಿಲ್ಲ ಎಂದಿತು. ಕಾನೂನು ಹಾಗೆ ಹೇಳಿದರೂ ಕಾಗದ ನಡೆಯುವುದು ನಿಧಾನ. ಮೊದಲೇ ಸರಿಯಾಗಿ ಬರೆಸುವುದು ಸುಲಭ.

ಐ.ಟಿ. ಕಂಪೆನಿಗಳ ನೆರೆಯಲ್ಲಿರುವ ಕಾಲೇಜಿನ ದಾಖಲೆ ವಿಭಾಗಕ್ಕೆ ಇನ್ನೊಂದು ಹೊರೆ ಇದೆ. ನೌಕರಿ ಸಿಕ್ಕ ಹುಡುಗ-ಹುಡುಗಿಯರ ಹಿನ್ನೆಲೆ ಪರಿಶೀಲನೆ. ಸುಳ್ಳು ಅಂಕಪಟ್ಟಿಗಳ ಹಾವಳಿಯಿಂದ ಬೇಸತ್ತ ಐ.ಟಿ. ಉದ್ಯಮ 2006ರಲ್ಲಿಯೇ ತನ್ನ ನೌಕರರ ವಿವರಗಳಿಗಾಗಿ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಎಂಬುದನ್ನು ತೆರೆಯಿತು. ಈಗ ಹೆಚ್ಚಿನ ದೊಡ್ಡ ಕಂಪೆನಿಗಳು ಪರಿಶೀಲನೆಗೆ ಬೇರೆ ಏಜೆನ್ಸಿಗಳನ್ನೇ ನೇಮಿಸಿರುತ್ತವೆ. ಅವರು ಅಂಕಪಟ್ಟಿಯ ಪ್ರತಿಯನ್ನು ಕಳಿಸಿ ‘ಇದು ನಿಮ್ಮದೇ?’ ಎಂದು ಕೇಳುತ್ತಾರೆ. ಕೊಠಡಿಯಲ್ಲಿರುವ ಹೆಂಗಸು ಲೆಡ್ಜರ್ ತೆರೆದು, ನೋಂದಣಿ ಸಂಖ್ಯೆ ಹಿಡಿದು, ಒಂದೊಂದು ಸೆಮಿಸ್ಟರಿನ ಅಂಕ ತಾಳೆ ನೋಡಿ ಉತ್ತರಿಸಬೇಕು. ಆ ಉತ್ತರ ತಡವಾದರೆ ಅತ್ತ ಒಬ್ಬಳ ನೇಮಕಾತಿ ತೂಗಾಡುತ್ತಿರುತ್ತದೆ. ಸಂಬಳದ ಮೇಲೆ ಮನೆ ಬಾಡಿಗೆ ನಂಬಿಕೊಂಡವಳು ಅವಳು. ನಾದಿನಿ ಈ ಪತ್ರಗಳನ್ನು ಸಂಜೆಗೆ ಉಳಿಸುವುದಿಲ್ಲ. ಯಾರೂ ಹಾಗೆ ಮಾಡೆಂದು ಹೇಳಿದ್ದಿಲ್ಲ, ಸಂಬಳ ಹೆಚ್ಚಿಸಿದ್ದೂ ಇಲ್ಲ.

ಗಲ್ಫಿಗೆ ಹೋಗುವವರ ಕಾಗದಗಳಿಗೂ ಇದೇ ಮೊದಲ ಮೆಟ್ಟಿಲು. ಪದವಿ ಪತ್ರ ನಿಜವೆಂದು ವಿಶ್ವವಿದ್ಯಾಲಯ ಹೇಳಬೇಕು, ನಂತರ ರಾಜ್ಯ ಸರಕಾರದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತು. ಒಮನ್, ಬಹ್ರೈನ್ ಆಮೇಲೆ ಸೇರಿದವು, ಸೌದಿ 2022ರ ಡಿಸೆಂಬರಿನಲ್ಲಿ. ಒಪ್ಪಂದದಲ್ಲಿ ಇಲ್ಲದ ದೇಶವಾದರೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಹಳೆಯ ವಿದ್ಯಾರ್ಥಿನಿಯರನ್ನು ತಬ್ಬಿಬ್ಬು ಮಾಡುವ ಇನ್ನೊಂದು ಸಂಗತಿ ಇದೆ. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಹಳೆಯದು ಜ್ಞಾನಭಾರತಿಯಲ್ಲೇ ಉಳಿಯಿತು. ಹೊಸದಾಗಿ ಒಂದು ಸೆಂಟ್ರಲ್ ಕಾಲೇಜಿನ ಆವರಣಕ್ಕೆ, ಇನ್ನೊಂದು ಬೆಂಗಳೂರು ಉತ್ತರ ಎಂಬ ಹೆಸರಿನಲ್ಲಿ ಕೋಲಾರಕ್ಕೆ ಹೋಯಿತು. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯ ಪದವಿ ಕಾಲೇಜುಗಳು ಕೋಲಾರದ ಪಾಲಾದವು. ಅಕ್ಕ 2012ರಲ್ಲಿ ಪದವಿ ಮುಗಿಸಿದವಳು, ತಂಗಿ ಅದೇ ಕಾಲೇಜಿನಲ್ಲಿ 2022ರಲ್ಲಿ ಮುಗಿಸಿದವಳು ಎಂದಿಟ್ಟುಕೊಳ್ಳಿ. ಕಳೆದುಹೋದ ಅಂಕಪಟ್ಟಿಗೆ ಅಕ್ಕ ಜ್ಞಾನಭಾರತಿಗೆ ಹೋಗಬೇಕು, ತಂಗಿ ಕೋಲಾರದ ದಾರಿ ಹಿಡಿಯಬೇಕು. ಅಕ್ಕನಿಗಾದರೂ ಈಗ ಅನುಕೂಲ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನಲ್ಲಿ ಮೆಟ್ರೋ ಹತ್ತಿದರೆ ಇಳಿಯದೆ ಜ್ಞಾನಭಾರತಿ ನಿಲ್ದಾಣದವರೆಗೆ ಕೂತೇ ಹೋಗಬಹುದು (ಕೂರಲು ಸೀಟು ಸಿಕ್ಕರೆ!). ಇದರ ಮೇಲೆ 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಸರಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ನೀತಿ ಮಾಡುವವರಿಗೆ ಅದು ಒಂದು ಆದೇಶ. ದಾಖಲೆ ವಿಭಾಗದವರಿಗೆ ಬೇರೆ ಬೇರೆ ಲೆಕ್ಕದ ಅಂಕಪಟ್ಟಿಗಳು ಒಂದೇ ಬೀರುವಿನಲ್ಲಿ.

ಕಾಲೇಜಿನಲ್ಲಿ ಮೂಲ ಅಂಕಪಟ್ಟಿ ಕೊಟ್ಟು ವಾಪಸು ಸಿಗದೆ ಪರದಾಡುವ ಮನೆಗಳು ನಮ್ಮಲ್ಲಿ ಬಹಳ. ಮದುವೆ ನಿಶ್ಚಯವಾಗಿ ಓದು ನಿಲ್ಲಿಸಿದವಳಿಗೆ ‘ಪೂರ್ತಿ ಫೀಸು ಕಟ್ಟಿ, ಆಮೇಲೆ ಎಸ್.ಎಸ್.ಎಲ್.ಸಿ. ಕಾರ್ಡು’ ಎಂದವರನ್ನು ನಾನೇ ನೋಡಿದ್ದೇನೆ. ಯು.ಜಿ.ಸಿ. 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ಪ್ರವೇಶದ ವೇಳೆ ಮೂಲ ಪ್ರತಿಗಳನ್ನು ನೋಡಿ, ತಾಳೆ ನೋಡಿ, ಅಲ್ಲೇ ಹಿಂತಿರುಗಿಸಬೇಕು. ಇಟ್ಟುಕೊಳ್ಳುವಂತಿಲ್ಲ. ಅದೇ ರೀತಿ 2008ರ ಯು.ಜಿ.ಸಿ. ನಿಯಮದ ಪ್ರಕಾರ ವಿದ್ಯಾರ್ಥಿ ಪದವಿಗೆ ಅರ್ಹಳಾಗಬೇಕಾದ ದಿನದಿಂದ 180 ದಿನಗಳೊಳಗೆ ಪದವಿ ಪ್ರದಾನವಾಗಬೇಕು. ಡಿಜಿಲಾಕರಿನಲ್ಲಿರುವ ಪದವಿ ಪತ್ರವೂ ಸಿಂಧು ಎಂದು 2022ರ ಜನವರಿಯಲ್ಲಿ ಅದೇ ಯು.ಜಿ.ಸಿ. ಸಂಸ್ಥೆಗಳಿಗೆ ತಿಳಿಸಿದೆ. ಈ ಮೂರನ್ನು ಬರೆದಿಟ್ಟುಕೊಳ್ಳಿ. ಕಿಟಕಿಯ ಬಳಿ ಜಗಳವಾಡದೆ, ವರ್ಷ ಹೇಳಿ ಕೇಳಿದರೆ ಮಾತಿಗೆ ಬೇರೆಯೇ ಬೆಲೆ ಬರುತ್ತದೆ.

ಇನ್ನು ಫೋನ್ ಕರೆಗಳ ವಿಷಯ. ಇದನ್ನು ಕೇಳಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಹುಡುಗಿ ನೋಡಿ ಹೋದ ಗಂಡಿನ ಕಡೆಯವರು ಕಾಲೇಜಿಗೆ ಫೋನ್ ಮಾಡುತ್ತಾರಂತೆ! “ಅವಳು ನಿಜವಾಗಿ ಇಂಜಿನಿಯರಿಂಗ್ ಮುಗಿಸಿದ್ದಾಳಾ? ಎಷ್ಟು ಸಬ್ಜೆಕ್ಟ್ ಉಳಿಸಿಕೊಂಡಿದ್ದಳು? ಹುಟ್ಟಿದ ವರ್ಷ ಯಾವುದು?” ಕೆಲವರು ತಾವು ಕಂಪೆನಿಯವರೆಂದು ಸುಳ್ಳು ಹೇಳುವುದೂ ಉಂಟು. ನಾದಿನಿಯ ಉತ್ತರ ಒಂದೇ, “ವಿದ್ಯಾರ್ಥಿನಿಯ ಸಹಿ ಇರುವ ಪತ್ರ ತನ್ನಿ.” ಒಮ್ಮೆ ಪರಿಚಯದ ಹಿರಿಯರೊಬ್ಬರು ಮನೆಗೇ ಬಂದು ಕೇಳಿದರು. ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಮಾಹಿತಿ ಕೊಡಲಿಲ್ಲ. “ಅದು ಅಮಾನತ್, ಚಾಚಾ” ಎಂದಳು. ಅವರು ಮುಖ ಸಿಂಡರಿಸಿಕೊಂಡೇ ಹೋದರು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಅದಕ್ಕೆ ಮುಂಚೆಯೇ ಇಂಥ ಹೆಂಗಸರು ಆ ಕೊಠಡಿಗಳಲ್ಲಿ ಬಾಯಿ ಮುಚ್ಚಿಕೊಂಡು ಎಷ್ಟು ಹುಡುಗಿಯರ ಮಾನ ಉಳಿಸಿದ್ದಾರೋ.

ಕೆಲಸವಾಗಿ ಇದು ಹೇಗೆ ಎಂದು ಓದುಗ ಸಹೋದರಿಯರು ಕೇಳಬಹುದು. ಸರಕಾರಿ ವಿಶ್ವವಿದ್ಯಾಲಯದಲ್ಲಿ ಎಫ್.ಡಿ.ಎ., ಎಸ್.ಡಿ.ಎ. ಹುದ್ದೆ ಸಿಕ್ಕರೆ ಭದ್ರತೆ ಇದೆ, ಆದರೆ ಆ ನೇಮಕಾತಿ ಯಾವಾಗ ಬರುತ್ತದೆಂದು ಕಾಯುತ್ತಾ ಕೂರಬೇಕು. ಖಾಸಗಿಯಲ್ಲಿ ಬೇಗ ಸಿಗುತ್ತದೆ, ಸಂಬಳ ಕಡಿಮೆ. ಹಗಲಿನ ಕೆಲಸ, ಕೂತು ಮಾಡುವ ಕೆಲಸ. ಆದರೆ ಅಡ್ಮಿಷನ್ ಮತ್ತು ಫಲಿತಾಂಶದ ತಿಂಗಳುಗಳಲ್ಲಿ ರಜೆ ಕೇಳುವಂತಿಲ್ಲ. ರಮಝಾನ್ ಆ ದಿನಗಳಲ್ಲೇ ಬಂದರೆ ಇಫ್ತಾರಿನ ಖರ್ಜೂರ ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗಬೇಕು. ಬೇಕಾದ ಅರ್ಹತೆ ಯಾವುದಾದರೂ ಒಂದು ಪದವಿ, ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್, ಎಕ್ಸೆಲ್. ಉರ್ದು ಬಲ್ಲವಳಾದರೆ ಹೆಸರಿನ ಗಂಟು ಬಿಡಿಸುವಾಗ ಇಡೀ ಕಚೇರಿಗೇ ಉಪಕಾರ. ನನ್ನನ್ನು ಕೇಳಿದರೆ, ಬಿ.ಎ., ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತ ನಮ್ಮ ಹುಡುಗಿಯರು ಅರ್ಜಿ ಹಾಕಲೇಬೇಕಾದ ಜಾಗ ಇದು.

ನಾದಿನಿಯ ಕೊಠಡಿಯಲ್ಲಿ ಒಂದು ಬೀರು ಇದೆಯಂತೆ. ಯಾರೂ ಒಯ್ಯದ ಪದವಿ ಪತ್ರಗಳದ್ದು. ಅದರಲ್ಲಿ ಹೆಣ್ಣುಮಕ್ಕಳವು ಹೆಚ್ಚು ಎನ್ನುತ್ತಾಳೆ. ಬಿಡುವಿದ್ದಾಗ ಅರ್ಜಿಯಲ್ಲಿರುವ ನಂಬರಿಗೆ ಫೋನ್ ಮಾಡುತ್ತಾಳೆ. ಹಲವು ನಂಬರುಗಳು ಚಾಲ್ತಿಯಲ್ಲಿಲ್ಲ. ಕೆಲವು ಕಡೆ ತಂದೆ ಎತ್ತುತ್ತಾರೆ. “ಅವಳಿಗೆ ಮದುವೆಯಾಯಿತಮ್ಮಾ, ದಮ್ಮಾಮ್‌ನಲ್ಲಿದ್ದಾಳೆ, ಅದೆಲ್ಲ ಇನ್ನು ಯಾಕೆ” ಎನ್ನುತ್ತಾರೆ. ಅಂಥವರ ಬಳಿ ಮಗಳ ಈಗಿನ ನಂಬರ್ ಕೇಳಿ ಬರೆದುಕೊಳ್ಳುತ್ತಾಳೆ.

ಕಳೆದ ಚಳಿಗಾಲದಲ್ಲಿ ಹಾಗೆ ಕರೆ ಮಾಡಿದ ಒಂದು ಮನೆಯಿಂದ ಹುಡುಗಿಯ ಅತ್ತೆ ಬಂದರು. ಸೊಸೆ ಬಾಣಂತಿ, ಬರಲಾಗುವುದಿಲ್ಲ. ಆಕೆಯ ಸಹಿ ಮಾಡಿದ ಪತ್ರ, ಇಬ್ಬರ ಗುರುತಿನ ಚೀಟಿಯ ನಕಲು, ಹೊಸದಾಗಿ ಕೊಂಡ ಪ್ಲಾಸ್ಟಿಕ್ ಫೋಲ್ಡರ್ ಎಲ್ಲವನ್ನೂ ತಂದಿದ್ದರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಪದವಿ ಪತ್ರವನ್ನು ಮೇಜಿನ ಮೇಲಿಟ್ಟು, ಸೊಸೆ ಚೀಟಿಯಲ್ಲಿ ಬರೆದು ಕೊಟ್ಟಿದ್ದ ಹೆಸರನ್ನು ಅದರ ಪಕ್ಕದಲ್ಲಿಟ್ಟು, ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿದರು. ಹಿಂದೆ ಸಾಲಿನಲ್ಲಿದ್ದ ಹುಡುಗರು ಗೊಣಗಿದರು. ಆಕೆ ಕೊನೆಯ ಅಕ್ಷರದವರೆಗೂ ನೋಡಿ, ಫೋಲ್ಡರಿಗೆ ಹಾಕಿ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋದರಂತೆ.